ಮೂರನೆಯ ಕಂಡಿ

ಒಂದೇ ವಾರದಲ್ಲಿ ಕಾಡುಹಂದಿಗಳು ನಲವತ್ತಮೂರು ಎಣ್ಣೆತಾಳೆ ಸಸಿಗಳನ್ನು ಕಿತ್ತು, ಬುಡದ ಎಳೆ ತಿರುಳು ತಿಂದು ಹೋದಾಗ ವಿನೋದಾ ನೇರ ಪೊಲೀಸ್ ಠಾಣೆಗೆ ಹೋಗಿ ಕೋವಿಯ ಲೈಸೆನ್ಸಿಗೆ ಅರ್ಜಿ ಕೊಟ್ಟಳು. ಕೌಂಟರಿನಲ್ಲಿದ್ದ ಹುಡುಗಿ ಅರ್ಜಿಯನ್ನು ಎರಡು ಸಲ ಓದಿ, "ನಿಮಗೇನಾ ಮೇಡಂ?" ಎಂದು ಕೇಳಿದಳು. "ನನಗೇ," ಎಂದಳು ವಿನೋದಾ.

ಮಲಯ್ ನಾಡಿನಲ್ಲಿ, ನಿಲಾಯ್‌ನಿಂದ ಲಾಬು ಕಡೆಗೆ ಹೋಗುವ ದಾರಿಯಲ್ಲಿ ಅವಳದು ಆರು ಎಕರೆ ತೋಟ. ಗಂಡ ಮಧ್ವರಾಜನಿಗೆ ಅವನ ತಂದೆಯಿಂದ ಬಂದದ್ದು. ಆ ಹಿರಿಯರು ಉಡುಪಿ ಕಡೆಯಿಂದ ಬಂದು, ಸೆರೆಂಬಾನಿನಲ್ಲಿ ಹೋಟೆಲು ನಡೆಸಿ, ಈ ದೇಶದವರೇ ಆಗಿಬಿಟ್ಟವರು. ವಿನೋದಾ ಕಾರ್ಕಳದವಳು. ಮದುವೆಯಾಗಿ ಬಂದು ಇಪ್ಪತ್ತಾರು ವರ್ಷ, ಈಗ ಅವಳೂ ಇಲ್ಲಿಯ ಪ್ರಜೆ. ವಾರದ ಐದು ದಿನ ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ಫಿಸಿಯೋಥೆರಪಿ ಕಲಿಸುತ್ತಿದ್ದಳು. ಉಳಿದೆರಡು ದಿನ ತೋಟ. ಹಳೆಯ ಮರ ಕಡಿಸಿ ಹೊಸ ಸಸಿ ನೆಡಿಸಿದ ವರ್ಷವೇ ಮಧ್ವರಾಜ ಹೃದಯಾಘಾತದಿಂದ ತೀರಿಕೊಂಡಿದ್ದ. ತೋಟ ಮಾರಿಬಿಡು ಎಂದು ಹೇಳಿದವರು ಬಹಳ ಜನ. ಅವಳು ಯಾರ ಜೊತೆಗೂ ವಾದ ಮಾಡಲಿಲ್ಲ, ಮಾರಲೂ ಇಲ್ಲ.

ಹಂದಿಗಳ ಜ್ವರ ಬಂದ ಕಾಲದಲ್ಲಿ ಕಾಡುಹಂದಿಗಳೂ ರಾಶಿ ರಾಶಿ ಸತ್ತು, ಎರಡು ಮೂರು ವರ್ಷ ಆ ಭಾಗದ ತೋಟಗಳಲ್ಲಿ ಗೊರಸಿನ ಗುರುತೇ ಇರಲಿಲ್ಲ. ಈಗ ಮತ್ತೆ ಮರಿಗಳ ಹಿಂಡು ಕಟ್ಟಿಕೊಂಡು ಬರುತ್ತಿದ್ದವು. ಸುತ್ತಿನ ಹಂದಿಗಳಿಗೆ ಹೆದರಿಕೆ ಇದ್ದದ್ದು ಒಂದೇ ತಂಡದ್ದು. ಮಧ್ವರಾಜ ಹದಿನೈದು ವರ್ಷ ಹೋಗುತ್ತಿದ್ದ ಆ ಬೇಟೆಯ ತಂಡದಲ್ಲಿ ಈಗ ನಾಲ್ವರು ಉಳಿದಿದ್ದರು.

ತಂಡದ ಯಜಮಾನ ಹಾಕ್ ಅಂಕಲ್, ಎಪ್ಪತ್ತೊಂದು ವರ್ಷದ ಚೀನೀ ಮುದುಕ. ಲಾರಿ ರಿಪೇರಿಯ ಗ್ಯಾರೇಜನ್ನು ಮಗನಿಗೆ ಬಿಟ್ಟುಕೊಟ್ಟು ಮೀನು, ಹಂದಿ, ಕಾಫಿ ಎಂದು ಕಾಲ ಕಳೆಯುತ್ತಿದ್ದ. ಎರಡನೆಯವನು ಮಾಣಿಕಂ, ಎಸ್ಟೇಟಿನಲ್ಲೇ ಹುಟ್ಟಿ ಬೆಳೆದ ತಮಿಳ, ಮಾತು ಜಾಸ್ತಿ. ಮೂರನೆಯವನು ಸೆನಿನ್, ಅಲ್ಲಿಯ ಮೂಲನಿವಾಸಿ ತೆಮುವಾನ್ ಜನದವನು. ಅವನ ಬಳಿ ಕೋವಿಯಿಲ್ಲ, ಐದು ನಾಯಿಗಳಿದ್ದವು. ನಾಲ್ಕನೆಯವರು ಡಾಕ್ಟರ್ ದಾಮೋದರ, ಮಣಿಪಾಲದಿಂದ ಬಂದು ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಕಲಿಸುವವರು. ಹೊರದೇಶದವರಾದ್ದರಿಂದ ಅವರಿಗೂ ಕೋವಿ ಇಲ್ಲ. ಸೆನಿನ್ ಜೊತೆ ಪೊದೆಯೊಳಗೆ ನುಗ್ಗಿ, ಡಬ್ಬಿ ಬಡಿದು, ಬೊಬ್ಬೆ ಹೊಡೆದು ಹಂದಿ ಎಬ್ಬಿಸುವುದು ಅವರ ಕೆಲಸ. "ವಾರವಿಡೀ ಮೈಕ್ರೋಸ್ಕೋಪಿನ ಮುಂದೆ ಬಾಯಿ ಮುಚ್ಚಿ ಕೂತಿರ್ತೇನೆ. ಭಾನುವಾರ ಒಂದು ದಿನ ಬೊಬ್ಬೆ ಹಾಕ್ಲಿಕ್ಕೆ ಬಿಡಿ ಮಾರ್ರೆ," ಎನ್ನುತ್ತಿದ್ದರು.

ಹನ್ನೊಂದು ತಿಂಗಳ ಮೇಲೆ ಲೈಸೆನ್ಸ್ ಬಂತು. ಗಂಡ ಸತ್ತ ಮೇಲೆ ಕೋವಿ ಮಾರುವ ಅಂಗಡಿಗೆ ಒಪ್ಪಿಸಿಟ್ಟಿದ್ದ ಅವನ ಜೋಡುನಳಿಗೆ ಕೋವಿ ಅವಳ ಹೆಸರಿಗೆ ಬಂತು. ಹಾಕ್ ಅವಳನ್ನು ಶೂಟಿಂಗ್ ಕ್ಲಬ್ಬಿಗೆ ಆರು ಸಲ ಕರೆದುಕೊಂಡು ಹೋದ. ಆರನೆಯ ಸಲ ಗುರಿಗೆಂದು ಗಾಳಿಯಲ್ಲಿ ಹಾರಿಸಿದ ಇಪ್ಪತ್ತೈದು ಮಣ್ಣಿನ ತಟ್ಟೆಗಳಲ್ಲಿ ಹದಿನೆಂಟನ್ನು ಅವಳು ಒಡೆದಾಗ, "ತಟ್ಟೆಗೆ ಕೋರೆ ಇರಲ್ಲ, ನೆನಪಿಟ್ಕೋ," ಎಂದಷ್ಟೇ ಹೇಳಿದ. ಆದರೆ ವಾಪಸ್ ಬರುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಕಾರು ಓಡಿಸಿದ.

ಮೊದಲ ಬೇಟೆಯ ಹಿಂದಿನ ಸಂಜೆ ನಿಲಾಯ್‌ನ ಮಾಮಾಕ್ ಎನ್ನುವ ಟೀ ಅಂಗಡಿಯಲ್ಲಿ ಐವರೂ ಸೇರಿದರು. ತಂಡದ ಭಾಷೆ ಮಲಯ್, ತಮಿಳು, ಇಂಗ್ಲಿಷು ಮೂರನ್ನೂ ಕಲಸಿದ್ದು, ಮಧ್ಯೆ ದಾಮೋದರರ ಕನ್ನಡ, ಹಾಕ್‌ನ ಮಾತಿನ ಕೊನೆಗೆ ಆಗಾಗ ಒಂದು 'ಲಾ'. ಟೀ ಬರುವ ಮೊದಲೇ ಬುದ್ಧಿಮಾತು ಶುರುವಾಯಿತು.

"ಅಕ್ಕಾ, ಬೂಟೊಳಗೆ ಹೊಗೆಸೊಪ್ಪಿನ ಪುಡಿ ಉದುರಿಸು. ಜಿಗಣೆ ಹತ್ರ ಬರಲ್ಲ," ಎಂದ ಮಾಣಿಕಂ.

"ಸಾಬೂನು ಹಾಕಿ ಸ್ನಾನ ಬೇಡ," ಎಂದ ಸೆನಿನ್. "ಬೇಟೆ ಮುಗಿಯೋ ತನಕ."

"ಅದನ್ನು ಮಾತ್ರ ಪಾಲಿಸ್ಬೇಡ ಮಾರಾಯ್ತಿ," ದಾಮೋದರ ಕನ್ನಡದಲ್ಲಿ ಹೇಳಿದರು, "ನಾಳೆ ನಾವಿಬ್ಬರೂ ಒಂದೇ ಕಾರಲ್ಲಿ ಹೋಗುವುದು."

ವಿನೋದಾ ನಕ್ಕದ್ದನ್ನು ಕಂಡು ಹಾಕ್ ಮೇಜು ತಟ್ಟಿದ. "ಇವೆಲ್ಲ ಬಿಡು. ನಾನು ಹೇಳೋದು ಕೇಳು. ಒಂದು, ಕಂಡಿ ಬಿಟ್ಟು ಕದಲಬಾರದು. ನಿನಗೆ ತೋರಿಸಿದ ಜಾಗ ನಿನ್ನ ಕಂಡಿ. ಡಾಕ್ಟರು ಎರಡು ಸಲ ಹಾರ್ನ್ ಹೊಡೆಯೋ ತನಕ ನೀನು ಮರ, ಮನುಷ್ಯಳಲ್ಲ. ಹಂದಿ ನಿನ್ನನ್ನ ದಾಟಿ ಹಿಂದೆ ಹೋದ ಮೇಲೆ ಮಾತ್ರ ಗುಂಡು. ಮುಂದುಗಡೆ ನಾಯಿ ಇರ್ತವೆ, ಇವರಿಬ್ಬರು ಇರ್ತಾರೆ."

"ಆಯ್ತು."

"ಪೂರ್ತಿ ಹಂದಿ ಕಾಣಬೇಕು. ಹುಲ್ಲು ಅಲ್ಲಾಡಿದ್ರೆ ಹಂದಿ ಅಲ್ಲ. ಕಪ್ಪಗೆ ಕಂಡ್ರೆ ಹಂದಿ ಅಲ್ಲ. ಮೂತಿಯಿಂದ ಬಾಲದ ತನಕ ಕಂಡ್ರೆ ಅದು ಹಂದಿ ಲಾ. ಇನ್ನೊಂದು, ಗಾಯವಾದ ಹಂದಿಯ ಹಿಂದೆ ಓಡಬಾರದು. ಅರ್ಧ ಗಂಟೆ ಕಾಯಿ, ಟೀ ಕುಡಿ, ಆಮೇಲೆ ಎಲ್ಲರೂ ಒಟ್ಟಿಗೆ."

"ಈ ಮಾತು ಮಧ್ವ ಅಣ್ಣನಿಗೂ ಇದೇ ಟೇಬಲ್‌ನಲ್ಲಿ ಹೇಳಿದ್ದು," ಎಂದ ಮಾಣಿಕಂ.

"ಅದಕ್ಕೇ ಅವನು ಮಂಚದ ಮೇಲೆ ಸತ್ತ, ಕಾಡಲ್ಲಿ ಸಾಯಲಿಲ್ಲ," ಎಂದ ಹಾಕ್. ಹೇಳಿದ ಮೇಲೆ ಕಸಿವಿಸಿಯಾಗಿ ವಿನೋದಾಳ ಮುಖ ನೋಡಿದ. ಆದರೆ ಅದು ಮಧ್ವರಾಜನೇ ಹೇಳಬಹುದಾಗಿದ್ದಂಥ ಮಾತು. ಅವಳಿಗೆ ಬೇಸರವಾಗಲಿಲ್ಲ.

ಭಾನುವಾರ ಬೆಳಿಗ್ಗೆ ಏಳೂವರೆಗೆ ಅವರು ತೋಟದಲ್ಲಿದ್ದರು. ವಿನೋದಾಳ ಸಸಿಗಳಿಗೂ ಪಕ್ಕದ ಹಳೆಯ ಎಸ್ಟೇಟಿಗೂ ನಡುವೆ ಒಂದು ತಗ್ಗು, ಅದರ ತುಂಬ ಪೊದೆ, ಜರಿಗಿಡ, ಬಿದ್ದ ಮರ. ಹಗಲು ಹಂದಿಗಳು ಮಲಗುತ್ತಿದ್ದುದು ಅಲ್ಲಿಯೇ. ತಗ್ಗಿನ ಅಂಚಿನಲ್ಲಿ ಕೆಮ್ಮಣ್ಣಿನ ದಾರಿ. ದಾರಿಯ ಆಚೆ ಎದೆಯೆತ್ತರದ ಲಾಲಾಂಗ್ ಹುಲ್ಲಿನ ಇಳಿಜಾರು. ಕೋವಿಯವರು ದಾರಿಯ ಮೇಲೆ ತಗ್ಗಿಗೆ ಮುಖ ಮಾಡಿ ನಿಲ್ಲಬೇಕು. ಹಂದಿ ದಾರಿ ದಾಟಿ ಹುಲ್ಲಿಗೆ ಇಳಿದಾಗ ತಿರುಗಿ ಹೊಡೆಯಬೇಕು. ಉತ್ತರದ ತುದಿಯ ಮೊದಲ ಕಂಡಿ ಹಾಕ್‌ನದು, ಮೋರಿಯ ಪಕ್ಕದ ಎರಡನೆಯದು ಮಾಣಿಕಂನದು, ದಕ್ಷಿಣದಲ್ಲಿ ಕಡಿದ ತಾಳೆ ಬೊಡ್ಡೆಗಳ ರಾಶಿಯ ಹತ್ತಿರದ ಮೂರನೆಯದು ವಿನೋದಾಳದು.

ಗ್ಯಾರೇಜಿನಿಂದ ಹಾಕ್ ತಂದುಕೊಟ್ಟಿದ್ದ, ರಬ್ಬರ್ ಉಂಡೆಯ ಹಳೇ ಲಾರಿ ಹಾರ್ನನ್ನು ದಾಮೋದರ ಕೊರಳಿಗೆ ನೇತುಹಾಕಿಕೊಂಡು ಸೆನಿನ್ ಜೊತೆ ತಗ್ಗಿನ ಆ ತುದಿಗೆ ಹೋದರು. ಒಂದು ಸಲ ಹಾರ್ನ್ ಕೇಳಿಸಿತು. ಬೇಟೆ ಶುರು.

ವಿನೋದಾ ಮೊಣಕಾಲು ಸಡಿಲ ಬಿಟ್ಟು ನಿಂತಳು. ಮೊಣಕಾಲು ಬಿಗಿ ಹಿಡಿದು ನಿಂತರೆ ಹತ್ತು ನಿಮಿಷದಲ್ಲಿ ಕಾಲು ನಡುಗುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ ಅವಳಿಗೆ ಅಭ್ಯಾಸ. ಮೊದಲು ದೂರದಲ್ಲಿ ಡಬ್ಬಿಯ ಸದ್ದು, ಆಮೇಲೆ ದಾಮೋದರರ ಗಂಟಲು. ಅವರು ಯಕ್ಷಗಾನದ ರಕ್ಕಸನ ಹಾಗೆ ಕೂಗುತ್ತಿದ್ದರು. ಆಮೇಲೆ ನಾಯಿಗಳು ಒಮ್ಮೆಲೇ ಬೊಗಳತೊಡಗಿದವು, ಪೊದೆಯೊಳಗೆ ಏನೋ ಭಾರವಾದದ್ದು ಓಡಿತು.

ಅವಳ ಮುಂದೆ ದಾರಿಗೆ ಮೊದಲು ಬಂದದ್ದು ಮರಿಗಳ ಸಾಲು, ಪಟ್ಟೆ ಪಟ್ಟೆಯ ಏಳು ಮರಿಗಳು, ಜೊತೆಗೆ ತಾಯಿ. ಮರಿ ಇರುವ ಹೆಣ್ಣನ್ನು ತಂಡದವರು ಹೊಡೆಯುವುದಿಲ್ಲ. ಅವು ಬೂಟಿನ ಹತ್ತಿರದಲ್ಲೇ ದಾಟಿ ಹೋದವು. ಅದೇ ಹೊತ್ತಿಗೆ ಉತ್ತರದಲ್ಲಿ ಹಾಕ್‌ನ ಕೋವಿ ಢಂ ಎಂದಿತು. ಒಂದು ಹಂದಿ ಕಿರುಚಿದ ಸದ್ದು. ಆಮೇಲೆ ಎಲ್ಲ ಮೌನ.

ಎಷ್ಟು ಹೊತ್ತಾಯಿತೋ, ಅವಳ ಬೆನ್ನ ಹಿಂದೆ ಲಾಲಾಂಗ್ ಹುಲ್ಲು ಅಲ್ಲಾಡಿತು. ವಿನೋದಾ ನಿಧಾನವಾಗಿ ತಿರುಗಿದಳು. ಮೂವತ್ತು ಹೆಜ್ಜೆ ದೂರ. ಹುಲ್ಲಿನ ತುದಿಗಳು ಒಂದು ಗೆರೆಯಲ್ಲಿ ಬಾಗುತ್ತ ಬಂದವು, ನಿಂತವು, ಮತ್ತೆ ಬಾಗಿದವು. ಗೊರಗೊರ ಉಸಿರು ಕೇಳಿಸಿತು. ಹುಲ್ಲಿನ ಸಂದಿಯಲ್ಲಿ ಕಪ್ಪಗೆ, ತಗ್ಗಾಗಿ, ಬೆನ್ನಿನ ಹಾಗೆ ಏನೋ. ಹಂದಿ ದಾಟಿದ ಮೇಲೆ ಹೊಡೆಯಬೇಕಾದ ದಿಕ್ಕು ಅದೇ. ಹೊಡೆಯಲು ಅದಕ್ಕಿಂತ ಒಳ್ಳೆಯ ದೂರವೂ ಬೇಕಾಗಿರಲಿಲ್ಲ.

ಮೋರಿಯ ಹತ್ತಿರ ಮಾಣಿಕಂಗೂ ಹುಲ್ಲು ಬಾಗಿದ್ದು ಕಂಡಿತ್ತು. "ಅಕ್ಕಾ! ಗಾಯದ ಹಂದಿ! ಹೊಡಿ, ಹೊಡಿ!" ಎಂದು ಪಿಸುಗುಟ್ಟಿದ. ಅವನ ಪಿಸುಮಾತು ಉಳಿದವರ ಕೂಗಿನಷ್ಟೇ ದೊಡ್ಡದು.

ಅವಳು ಕೋವಿಯನ್ನು ಹೆಗಲಿಗೆ ತಂದಳು, ಸೇಫ್ಟಿ ತೆಗೆದಳು. ಆ ಕಪ್ಪು ನಳಿಗೆಯ ತುದಿಯಲ್ಲಿ ಸರಿಯಾಗಿ ಕೂತಿತು. ಮೂತಿ ಕಾಣಲಿ ಎಂದು ಕಾದಳು. ಕಾಣಲಿಲ್ಲ. ಬಾಲ ಕಾಣಲಿಲ್ಲ. ಬೆರಳನ್ನು ಕೋವಿಯ ಕುದುರೆಗೆ ತಾಗಿಸದೆ ಹೊರಗೇ ಚಾಚಿ ಇಟ್ಟುಕೊಂಡು ಮತ್ತೂ ಕಾದಳು. "ಹೊಡಿಯಕ್ಕಾ, ಹೋಗ್ತದೆ!" ಎಂದ ಮಾಣಿಕಂ. ಕಾಣದ್ದನ್ನು ಹೊಡೆಯುವುದಿಲ್ಲ ಎಂದು ಅವಳು ಆಗಲೇ ನಿರ್ಧರಿಸಿಬಿಟ್ಟಿದ್ದಳು. ಹೋದರೆ ಹೋಗಲಿ. ಸೇಫ್ಟಿಯನ್ನು ಮತ್ತೆ ಹಾಕಿ ನಳಿಗೆಯನ್ನು ನೆಲದ ಕಡೆ ಇಳಿಸಿದಳು.

ಹುಲ್ಲಿನ ನಡುವಿನಿಂದ ಒಂದು ಕೈ ಮೇಲೆದ್ದಿತು.

ಹಳದಿ ಪಟ್ಟಿಯ ಗಡಿಯಾರ ಕಟ್ಟಿದ ಕೈ. ಅದು ಹುಲ್ಲನ್ನು ಸರಿಸಿತು. ಅದರ ಹಿಂದೆ ಹಾಕ್ ಅಂಕಲ್‌ನ ಮುಖ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದ ಮುಖ. ಅವನು ಮೊದಲು ನೋಡಿದ್ದು ಅವಳ ಕೋವಿಯನ್ನು, ಆಮೇಲೆ ಅವಳನ್ನು. ಅವನು ಮತ್ತೆ ಬಗ್ಗಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋದ. ಹುಲ್ಲು ಮತ್ತೆ ಒಂದು ಗೆರೆಯಲ್ಲಿ ಬಾಗುತ್ತ ದೂರವಾಯಿತು. ನಡುವೆ ಬೊಡ್ಡೆಗಳ ರಾಶಿ ಅಡ್ಡವಿದ್ದುದರಿಂದ ಮೋರಿಯ ಹತ್ತಿರದ ಮಾಣಿಕಂಗೆ ಹುಲ್ಲಿನ ತುದಿ ಬಿಟ್ಟರೆ ಕೈಯೂ ಕಾಣಲಿಲ್ಲ, ಮುಖವೂ ಕಾಣಲಿಲ್ಲ.

ವಿನೋದಾ ಕೂರಲಿಲ್ಲ. ಎರಡು ಹಾರ್ನ್ ಕೇಳಿಸುವ ತನಕ ಕಂಡಿಯಲ್ಲೇ ನಿಂತಿದ್ದು, ಆಮೇಲೆ ಕೋವಿ ಮಡಚಿ ಎರಡೂ ತೋಟಾಗಳನ್ನು ತೆಗೆದು ಜೇಬಿಗೆ ಹಾಕಿಕೊಂಡಳು.

ಹಾಕ್‌ನ ಪಿಕಪ್ಪಿನ ಹಿಂದೆ ಎಲ್ಲರೂ ಸೇರಿದರು. ಮೊದಲ ಕಂಡಿಯ ಹಿಂದೆ ಹುಲ್ಲಿನ ಮೇಲೆ ರಕ್ತ ಬಿದ್ದಿತ್ತು. ಹಾಕ್‌ನ ಗುಂಡು ಹಂದಿಗೆ ತಾಗಿತ್ತು, ಆದರೆ ಹಿಂದೆ, ಹೊಟ್ಟೆಯ ಕಡೆ. ರಕ್ತದ ಬಣ್ಣ ನೋಡಿ ಸೆನಿನ್ ಹೇಳಿದ್ದು ಅದು. ಅರ್ಧ ಗಂಟೆ ಕಾಯಲೇಬೇಕು. ದಾಮೋದರ ಫ್ಲಾಸ್ಕ್ ತೆರೆದು ಟೀ ಸುರಿದರು, ಬಾಳೆಹಣ್ಣಿನ ಬನ್ಸ್ ಹಂಚಿದರು. ಅವರ ಹೆಂಡತಿ ಗುಲಾಬಿ ಬೆಳಿಗ್ಗೆ ಐದಕ್ಕೆ ಎದ್ದು ಕರಿದು ಕೊಟ್ಟದ್ದು.

ಮಾಣಿಕಂಗೆ ತಡೆಯಲಾಗಲಿಲ್ಲ. "ಡಾಕ್ಟರ್, ನೀವು ನೋಡ್ಬೇಕಿತ್ತು! ಹಂದಿ ಅಕ್ಕನ ಮುಂದೆ ಬಂದು ನಿಂತು ಪೋಸ್ ಕೊಡ್ತು. ನಾನು ಹೊಡಿ ಹೊಡಿ ಅಂತ ಬಡ್ಕೊಂಡೆ. ಅಕ್ಕ ಕೋವಿ ಇಳಿಸಿಬಿಟ್ರು! ಪಾಪ ಅನ್ನಿಸ್ತಾ ಅಕ್ಕಾ? ಸಸಿ ತಿನ್ನುವಾಗ ಅದಕ್ಕೆ ಪಾಪ ಅನ್ನಿಸಿತ್ತಾ?"

"ಮೊದಲ ಸಲ ಅಲ್ವಾ, ಬಿಡಿ," ಎಂದರು ದಾಮೋದರ.

ವಿನೋದಾ ಟೀ ಕುಡಿದಳು. ಒಂದೇ ಮಾತು ಹೇಳಿದರೆ ಮಾಣಿಕಂನ ಬಾಯಿ ಮುಚ್ಚುತ್ತಿತ್ತು. ಆದರೆ ಆ ಮಾತು ಹೇಳಬೇಕಾದವಳು ತಾನಲ್ಲ ಎಂದು ಅವಳಿಗೆ ಸ್ಪಷ್ಟವಾಗಿತ್ತು. ಹೇಳಬೇಕಾದವನು ಎದುರಿಗೆ ಟೈರಿಗೆ ಒರಗಿ ಕೂತಿದ್ದ. ಅವನ ಕೈಯಲ್ಲಿದ್ದ ಬನ್ಸ್ ಹಾಗೇ ಇತ್ತು.

"ಮುಂದಿನ ಸಲ ಅಕ್ಕನಿಗೆ ಕೋವಿ ಬೇಡ, ಕ್ಯಾಮೆರಾ ಕೊಡೋಣ," ಎಂದು ಮಾಣಿಕಂ ನಗುತ್ತಿದ್ದ.

"ನಿಲ್ಲಿಸು," ಎಂದ ಹಾಕ್.

ಮಾಣಿಕಂ ನಗು ನಿಲ್ಲಿಸಿದ.

"ಅಲ್ಲಿ ಹಂದಿ ಇರಲಿಲ್ಲ. ನಾನಿದ್ದೆ." ಹಾಕ್ ಯಾರ ಮುಖವನ್ನೂ ನೋಡದೆ ಹೇಳಿದ. "ಗುಂಡು ತಾಗಿದ್ದು ಗೊತ್ತಾಯ್ತು. ನಾಲ್ಕು ತಿಂಗಳಿಂದ ಒಂದೂ ಹೊಡೆದಿರಲಿಲ್ಲ. ಇದು ತಪ್ಪಿಸ್ಕೊಂಡು ಹೋಗ್ತದಲ್ಲ ಅಂತ ಕಂಡಿ ಬಿಟ್ಟೆ. ಹಿಂದೆ ಓಡಿದೆ. ಅವಳ ಗುರಿ ನನ್ನ ಮೇಲೇ ಇತ್ತು. ನೀನು ಹೊಡಿ ಹೊಡಿ ಅಂದದ್ದು ನನಗೂ ಕೇಳಿಸ್ತು ಮಾಣಿಕಂ."

ಮಾಣಿಕಂನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಅವನು ಎದ್ದು ದೂರ ಹೋಗಿ, ಎಸ್ಟೇಟಿನ ಕಡೆ ಮುಖ ಮಾಡಿ ನಿಂತ. ಬಂದಾಗ ಅವನ ಕಣ್ಣು ಒದ್ದೆಯಾಗಿತ್ತು. ವಿನೋದಾಳ ಮುಂದೆ ಬಂದು ಕೈ ಮುಗಿದ. ಅವಳು ಅವನ ಕೈಗಳನ್ನು ಹಿಡಿದು ಕೆಳಗಿಳಿಸಿ, "ಕೂತ್ಕೋ, ಟೀ ಆರ್ತದೆ," ಎಂದಳು.

ಹಾಕ್ ತನ್ನ ಕೋವಿಯನ್ನು ಪಿಕಪ್ಪಿನ ಮೇಲೆ ಇಟ್ಟ. "ನಲವತ್ತು ವರ್ಷ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಇವತ್ತು ನಾನೇ ಎಲ್ಲ ಮುರಿದೆ. ನಾಳೆ ಇದನ್ನ ಅಂಗಡಿಗೆ ಕೊಟ್ಟುಬಿಡ್ತೇನೆ. ನನ್ನ ಬೇಟೆ ಮುಗೀತು ಲಾ."

"ಅಂಕಲ್," ಎಂದಳು ವಿನೋದಾ. "ಅದು ನಾಳೆಯ ಮಾತು. ಗಾಯವಾದ ಹಂದಿ ಒಳಗೆ ಉಂಟು. ಮೊದಲು ಅದು."

ಹಾಕ್ ತಲೆಯೆತ್ತಿ ಅವಳನ್ನು ನೋಡಿದ. ಗಡಿಯಾರ ನೋಡಿಕೊಂಡ. ಅರ್ಧ ಗಂಟೆ ಆಗಿತ್ತು.

ಹಾಕ್ ಬರಿಗೈಯಲ್ಲಿ ಬಂದ. ಸೆನಿನ್ ಒಂದೇ ನಾಯಿಯನ್ನು ಹಗ್ಗದಲ್ಲಿ ಹಿಡಿದು ಮುಂದೆ ನಡೆದ. ಅವನ ಎಡಕ್ಕೆ ವಿನೋದಾ, ಬಲಕ್ಕೆ ಮಾಣಿಕಂ, ಕೋವಿಯಿಲ್ಲದವರಿಬ್ಬರೂ ಹಿಂದೆ. ರಕ್ತದ ಜಾಡು ಹುಲ್ಲಿನ ಇಳಿಜಾರು ಇಳಿದು ತೋಟದ ಕಾಲುವೆಯ ಅಂಚಿಗೆ ಹೋಯಿತು. ಅಲ್ಲಿ ನಾಯಿ ನಿಂತಿತು. ಸೆನಿನ್ ಮಾತಾಡದೆ ಗಲ್ಲದಿಂದ ತೋರಿಸಿದ.

ಹಂದಿ ಕಾಲುವೆಯ ಆಚೆ ದಂಡೆಗೆ ಬೆನ್ನು ಕೊಟ್ಟು ನಿಂತಿತ್ತು. ದೊಡ್ಡ ಗಂಡು, ಮೈತುಂಬ ಕೆಸರು. ಅದು ಓಡುವ ಸ್ಥಿತಿಯಲ್ಲಿರಲಿಲ್ಲ, ಆದರೆ ಸೋತಿರಲೂ ಇಲ್ಲ. ಹಲ್ಲು ಕಟಕಟ ಕಡಿಯುತ್ತಿತ್ತು. ಮಾಣಿಕಂನ ಕಡೆ ಒಂದು ಮರ ಅಡ್ಡವಿತ್ತು. ವಿನೋದಾಳಿಗೆ ಹಂದಿ ಪೂರ್ತಿ ಕಾಣುತ್ತಿತ್ತು. ಹಿಂದೆ ಬರೀ ಮಣ್ಣಿನ ದಂಡೆ. ಹಾಕ್ ಅವಳ ಬೆನ್ನ ಹಿಂದೆ ಬಂದು ನಿಂತದ್ದು ಗೊತ್ತಾಯಿತು. ಏನಾದರೂ ಹೇಳುತ್ತಾನೆ ಎಂದುಕೊಂಡಳು. ಅವನು ಏನೂ ಹೇಳಲಿಲ್ಲ.

ಹಂದಿ ತಲೆ ತಗ್ಗಿಸಿ ನೀರಿಗೆ ನುಗ್ಗಿತು, ಅವಳ ಕಡೆಗೇ. ವಿನೋದಾ ಹೆಜ್ಜೆ ಹಿಂದಿಡಲಿಲ್ಲ. ಮೊದಲ ಗುಂಡು ಹೆಗಲಿಗೆ ಬಿತ್ತು. ಹಂದಿ ಮುಗ್ಗರಿಸಿ, ಏಳಲು ನೋಡಿತು. ಎರಡನೆಯ ಗುಂಡಿಗೆ ಅಲ್ಲೇ ನೀರಲ್ಲಿ ಮಲಗಿತು.

ಖುಷಿಯಾಗಿ ಕೂಗಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಒಂದು ನೋವು ಮುಗಿಯಿತು, ತಾನು ಅದನ್ನು ಸರಿಯಾಗಿ ಮುಗಿಸಿದೆ ಎನ್ನಿಸಿತು. ಅಷ್ಟು ಸಾಕಾಗಿತ್ತು. ಸೆನಿನ್ ಕಾಲುವೆಗೆ ಇಳಿದು, ಹಂದಿಯ ಕಣ್ಣನ್ನು ಕಡ್ಡಿಯಿಂದ ಮುಟ್ಟಿ ನೋಡಿ, "ಬಾಗುಸ್," ಎಂದ. ಚೆನ್ನಾಗಿದೆ ಎಂಬ ಆ ಒಂದು ಮಾತನ್ನು ಅವನು ವರ್ಷಕ್ಕೆ ಎರಡೋ ಮೂರೋ ಸಲ ಹೇಳುತ್ತಿದ್ದ.

ನಾಲ್ವರು ಗಂಡಸರು ಗಳುವಿಗೆ ಕಟ್ಟಿ ಹಂದಿಯನ್ನು ಹೊತ್ತರು. ಪಿಕಪ್ಪಿನ ಹತ್ತಿರ ಮಾಂಸ ಪಾಲು ಮಾಡುವಾಗ ಚೂರಿ ಹಿಡಿಯುವುದು ಯಾವಾಗಲೂ ಹಾಕ್. ಅವತ್ತೂ ಅವನೇ ಹಿಡಿದ. ದಾಮೋದರ ಪಕ್ಕದಲ್ಲಿ ನಿಂತು ಅವನ ಕೈಯನ್ನೇ ನೋಡುತ್ತಿದ್ದರು. ಚೂರಿ ಎರಡು ಸಲ ಕೀಲಿನಿಂದ ಅರ್ಧ ಇಂಚು ಆಚೆ ಬಿತ್ತು.

"ಹಾಕ್, ಎಡಗಣ್ಣು ಮುಚ್ಚಿ. ಇದು ಎಷ್ಟು ಬೆರಳು?" ಎಂದರು ಇದ್ದಕ್ಕಿದ್ದಂತೆ.

"ಆಟ ಆಡ್ಬೇಡಿ ಡಾಕ್ಟರ್."

"ಎಷ್ಟು?"

ಹಾಕ್ ಸುಮಾರು ಹೊತ್ತು ನೋಡಿದ. "ಎರಡು... ಮೂರು?"

ದಾಮೋದರ ನಾಲ್ಕು ಬೆರಳು ಹಿಡಿದಿದ್ದರು. ಬಲಗಣ್ಣಿನ ಹತ್ತಿರ ಬಗ್ಗಿ ನೋಡಿ, ವಿನೋದಾಳ ಕಡೆ ತಿರುಗಿ ಕನ್ನಡದಲ್ಲಿ, "ಪೊರೆ ಬಂದಿದೆ ಮಾರಾಯ್ತಿ. ಈ ಕಣ್ಣಲ್ಲಿ ಗುರಿ ಹಿಡಿದು ನಾಲ್ಕು ತಿಂಗಳಿಂದ ಎಂತ ಹೊಡಿಯುವುದು ಇವರು?" ಎಂದರು. ಆಮೇಲೆ ಹಾಕ್‌ಗೆ ಅರ್ಥವಾಗುವ ಹಾಗೆ ಹೇಳಿದರು.

"ಗೊತ್ತಿತ್ತು," ಎಂದ ಹಾಕ್ ಸಣ್ಣ ದನಿಯಲ್ಲಿ. "ಹೇಳಿದ್ರೆ ನೀವು ಬರಬೇಡ ಅಂತೀರಿ ಅಂತ."

"ಹೌದು, ಬೇಡ ಅಂತಿದ್ದೆವು," ಎಂದಳು ವಿನೋದಾ. "ಆಪರೇಷನ್ ಆಗುವ ತನಕ. ಈಗಲೂ ಅದನ್ನೇ ಹೇಳ್ತೇನೆ. ಬುಧವಾರ ನನಗೆ ಕ್ಲಾಸ್ ಇಲ್ಲ, ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತೇನೆ. ಕಣ್ಣಿನ ಡಾಕ್ಟರು ಸರಿ ಅನ್ನುವ ತನಕ ಕೋವಿ ಬೇಡ. ಆಮೇಲೆ ಕ್ಲಬ್ಬಲ್ಲಿ ಇಪ್ಪತ್ತೈದರಲ್ಲಿ ಹದಿನೆಂಟು ತಟ್ಟೆ ಒಡೆದು ತೋರಿಸಿ. ಅಂಗಡಿಗೆ ಕೊಡುವುದೆಲ್ಲ ಬೇಡ."

"ಇಪ್ಪತ್ತು," ಎಂದ ಹಾಕ್. ಆ ಬೆಳಿಗ್ಗೆ ಮೊದಲ ಸಲ ಅವನ ಮುಖದಲ್ಲಿ ಹಳೆಯ ಜಂಬ ಕಾಣಿಸಿತು. "ನಿನಗಿಂತ ಎರಡಾದ್ರೂ ಜಾಸ್ತಿ ಒಡೀಬೇಕು ನಾನು."

"ಇನ್ನೊಂದು ಮಾತು," ಎಂದ ಮಾಣಿಕಂ ತಡವರಿಸುತ್ತ. "ಇನ್ನು ಮೇಲೆ ಪಕ್ಕದ ಕಂಡಿಯವನು ಹೊಡಿ ಅಂತ ಹೇಳುವ ಹಾಗಿಲ್ಲ. ಹೊಡೆಯುವುದು ಬಿಡುವುದು ಕೋವಿ ಹಿಡಿದವರದ್ದೇ. ಇದನ್ನೂ ನಿಯಮಕ್ಕೆ ಸೇರಿಸಿ."

ಎಲ್ಲರೂ ಒಪ್ಪಿದರು. ಸೆನಿನ್ ತಲೆಯಾಡಿಸಿದ.

ಕಣ್ಣಿನ ಆಪರೇಷನ್ ಸೆರೆಂಬಾನಿನಲ್ಲಿ ಆಯಿತು. ಹಾಕ್‌ನ ಮಗನಿಗೆ ಸಂಗತಿ ಗೊತ್ತಾದಾಗ ಅವನು ವಿನೋದಾಳ ಮನೆಗೆ ಬಂದು, ಏನು ಹೇಳಬೇಕೆಂದು ತೋಚದೆ, ಅವಳ ಕಾರಿನ ಎಣ್ಣೆ ಬದಲಾಯಿಸಿ ಹೋದ. ಎರಡು ತಿಂಗಳು ಹಾಕ್ ಕೋವಿಯಿಲ್ಲದೆ ವಿನೋದಾಳ ಕಂಡಿಯಲ್ಲೇ ಸ್ಟೂಲು ಹಾಕಿಕೊಂಡು ಕೂತ. ಬುದ್ಧಿಮಾತು ಹೇಳಲು ಎರಡು ಮೂರು ಸಲ ಬಾಯಿ ತೆರೆದ. ಅವಳು ತುಟಿಗೆ ಬೆರಳಿಟ್ಟಳು. ಅವನು ಸುಮ್ಮನಾದ. ಆ ಎರಡು ತಿಂಗಳಲ್ಲಿ ಅವಳು ಮೂರು ಹಂದಿ ಹೊಡೆದಳು, ಐದನ್ನು ಹೋಗಲು ಬಿಟ್ಟಳು. ಬಿಟ್ಟದ್ದು ಯಾಕೆಂದು ಯಾರೂ ಕೇಳಲಿಲ್ಲ.

ಕ್ಲಬ್ಬಿನಲ್ಲಿ ಹಾಕ್ ಇಪ್ಪತ್ತೊಂದು ತಟ್ಟೆ ಒಡೆದ. ಅವತ್ತೇ ಪುಚೊಂಗ್‌ನಿಂದ ಅವನ ಹಳೆಯ ಗೆಳೆಯನೊಬ್ಬ ಫೋನ್ ಮಾಡಿ, ತನ್ನ ಮಾವನ ತೋಟಕ್ಕೂ ಹಂದಿ ನುಗ್ಗಿದೆ, ಮುಂದಿನ ಭಾನುವಾರ ಬರುತ್ತೀರಾ ಎಂದು ಕೇಳಿದ. ಎಷ್ಟು ಕಂಡಿ ಬೇಕು, ಯಾರು ಎಲ್ಲಿ ನಿಲ್ಲಬೇಕು ಎಂದು ಅವನು ವಿಚಾರಿಸುತ್ತಿದ್ದಂತೆ ಹಾಕ್ ಫೋನನ್ನು ವಿನೋದಾಳ ಕೈಗೆ ಕೊಟ್ಟ.

"ಇವಳನ್ನ ಕೇಳು," ಎಂದ. "ಜಾಗ ನೋಡಿ ಇವಳು ಹೇಳ್ತಾಳೆ."

ವಿನೋದಾ ಫೋನ್ ಕಿವಿಗಿಟ್ಟುಕೊಂಡು, "ಮೊದಲು ಹೇಳಿ," ಎಂದಳು, "ತೋಟದ ಹಿಂದೆ, ಗುಂಡು ಹಾರುವ ಕಡೆ, ಏನುಂಟು? ಮನೆಗಳಾ, ಗುಡ್ಡವಾ?"